ಮೆಟ್ಟಿಲ ಕೆಳಗಿನ ನಲ್ಲಿ

ಆ ಕಟ್ಟಡದಲ್ಲಿ ಮನೆಗಳು ಆರು. ಆರು ಮನೆಗೂ ಸೇರಿ ತಲೆ ಒಂದೇ, ಅದು ಮೇಲಿನ ಮಹಡಿಯ ಸುತ್ತೋಲೆ ಸಾರ್ ಅವರದು. ಯಾವುದೋ ಕಚೇರಿಯಲ್ಲಿ ಮೂವತ್ತೈದು ವರ್ಷ ಕಾಗದಕ್ಕೆ ಕಾಗದ ಪೋಣಿಸಿ ನಿವೃತ್ತರಾದ ಮನುಷ್ಯ. ಮನೆಯಲ್ಲಿ ಹೆಂಡತಿ ಮಾತು ಕೇಳುವುದಿಲ್ಲ, ಮಕ್ಕಳು ಫೋನು ಎತ್ತುವುದಿಲ್ಲ ಅಂತ ಕಟ್ಟಡದ ಸಂಘಕ್ಕೆ ಕಾರ್ಯದರ್ಶಿಯಾದರು. ಅಂದಿನಿಂದ ಮೆಟ್ಟಿಲ ಪಕ್ಕದ ಗೋಡೆಗೆ ಬಣ್ಣ ಹೊಡೆಸುವ ಅಗತ್ಯವೇ ಬೀಳಲಿಲ್ಲ. ಚಪ್ಪಲಿ ಯಾವ ದಿಕ್ಕಿಗೆ ಬಿಡಬೇಕು, ಒಣಹಾಕಿದ ಬಟ್ಟೆಯಿಂದ ಕೆಳಗಿನವರ ಮೇಲೆ ಎಷ್ಟು ಹನಿ ಬೀಳಬಹುದು, ಬಾಗಿಲು ಹಾಕುವಾಗ ಎಷ್ಟು ಸದ್ದಾಗಬಹುದು, ಎಲ್ಲಕ್ಕೂ ಒಂದೊಂದು ಸುತ್ತೋಲೆ ಅಲ್ಲಿ ಅಂಟಿತ್ತು. ಉಳಿದ ಐದು ಮನೆಯವರು ಓದಿದವರು, ದೊಡ್ಡ ಕೆಲಸದಲ್ಲಿದ್ದವರು. ಅವರು ಸುತ್ತೋಲೆಯನ್ನು ಓದುತ್ತಿರಲಿಲ್ಲ, ತಲೆಯಾಡಿಸುತ್ತಿದ್ದರು. ಅಷ್ಟಕ್ಕೇ ಅವರ ಓದು ಮುಗಿದಿತ್ತು.

ಈ ಮಹಾನುಭಾವರಿಗೆಲ್ಲ ಇತ್ತೀಚೆಗೆ ಒಂದು ಕಷ್ಟ ಬಂದಿತ್ತು. ಬೆಳಿಗ್ಗೆ ಆರಕ್ಕೆ ತುಂಬಿಸಿದ ತಾರಸಿಯ ಟ್ಯಾಂಕು ಹತ್ತು ಗಂಟೆಯ ಹೊತ್ತಿಗೆ ಬರಿದಾಗುತ್ತಿತ್ತು. ಆರು ಮನೆಯವರು ಕೂತು ಸಭೆ ಮಾಡಿದರು. ಕಟ್ಟಡದ ನೀರು ಯಾರು ಕುಡಿಯುತ್ತಿದ್ದಾರೆ ಎಂದು ಕೇಳಿಕೊಂಡರು. ಉತ್ತರ ಹುಡುಕಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ, ಏಕೆಂದರೆ ಮೆಟ್ಟಿಲ ಕೆಳಗೆ ಒಂದು ಕೋಣೆಯಿತ್ತು, ಆ ಕೋಣೆಯಲ್ಲಿ ಒಬ್ಬ ಇಸ್ತ್ರಿಯಮ್ಮ ಇದ್ದಳು.

ಹದಿನಾರು ವರ್ಷದಿಂದ ಅಲ್ಲೇ ಇದ್ದವಳು. ಮೆಟ್ಟಿಲು ಗುಡಿಸುವುದು, ಒರೆಸುವುದು, ಅದಕ್ಕೆ ಬದಲಾಗಿ ಆ ಕೋಣೆ. ಬಾಗಿಲ ಮುಂದೆ ಇಸ್ತ್ರಿ ಮೇಜು, ಒಳಗೆ ಒಂದು ಹಾಸಿಗೆ, ಮೂಲೆಯಲ್ಲಿ ಒಂದು ನಲ್ಲಿ. ಬೇಕೆಂದವರ ಬಟ್ಟೆಯನ್ನು ಒಗೆದೂ ಕೊಡುತ್ತಿದ್ದಳು. ಬಟ್ಟೆ ಒಗೆಯುವವಳ ಕೈಯಲ್ಲಿ ನಲ್ಲಿ ಇದೆ ಅಂದಮೇಲೆ ಇನ್ನೇನು ಬೇಕು? ಮೊದಲು ಅವಳ ನಲ್ಲಿಗೆ ಹೋಗುವ ಪೈಪಿನ ವಾಲ್ವ್ ಮುಚ್ಚಿ, ಅದರ ಹಿಡಿಯನ್ನು ಬಿಚ್ಚಿಕೊಂಡು ಹೋದರು. ಅವಳು ರಸ್ತೆಯಾಚೆಯ ಬೀದಿ ನಲ್ಲಿಯಿಂದ ಕೊಡ ಹೊರತೊಡಗಿದಳು. ಹೀಗೆ ಎರಡು ವಾರ ಕಳೆಯಿತು. ಟ್ಯಾಂಕು ಹತ್ತು ಗಂಟೆಗೇ ಖಾಲಿಯಾಗುತ್ತಿತ್ತು.

ಇಷ್ಟು ಕಂಡ ಮೇಲೆ ಕತ್ತೆಗೂ ಅನುಮಾನ ಬರುತ್ತಿತ್ತು. ಸುತ್ತೋಲೆ ಸಾರ್‌ಗೆ ಬರಲಿಲ್ಲ. ‘ವಾಲ್ವ್ ಮುಚ್ಚಿದ ಮೇಲೂ ನೀರು ಹೋಗ್ತಿದೆ ಅಂದ್ರೆ, ಎಷ್ಟು ನಾಜೂಕಾಗಿ ಕದೀತಿದ್ದಾಳೆ ನೋಡಿ!’ ಅಂದರು. ಐದು ತಲೆಗಳು ಆಡಿದವು. ಭಾನುವಾರ ಸಂಜೆಯೊಳಗೆ ಕೋಣೆ ಖಾಲಿ ಮಾಡಬೇಕೆಂದು ನಡಾವಳಿ ಪುಸ್ತಕದಲ್ಲಿ ಬರೆದಾಯಿತು. ಆದರೂ ನಾಳೆ ಯಾರೂ ಅನ್ಯಾಯ ಎನ್ನಬಾರದಲ್ಲ, ಅದಕ್ಕೆ ಒಬ್ಬ ಪ್ಲಂಬರನ್ನು ಕರೆಸಿ, ಕಟ್ಟಡದಲ್ಲಿ ಎಲ್ಲೂ ಸೋರಿಕೆ ಇಲ್ಲವೆಂದು ಬರೆಸಿಕೊಳ್ಳುವುದು ಎಂದೂ ತೀರ್ಮಾನವಾಯಿತು. ಪ್ಲಂಬರ್ ಎಲ್ಲಿ ಸಿಗುತ್ತಾನೆ? ಇಸ್ತ್ರಿ ಮೇಜಿನ ಹಿಂದಿನ ಗೋಡೆಗೆ ಒಬ್ಬನ ನಂಬರಿನ ಚೀಟಿ ಅಂಟಿತ್ತು. ಅದಕ್ಕೇ ಫೋನು ಮಾಡಿದರು. ಆ ಚೀಟಿಯನ್ನು ಅಲ್ಲಿ ಯಾರು ಅಂಟಿಸಿದರು, ಯಾಕೆ ಅಂಟಿಸಿದರು ಎಂದು ಒಬ್ಬರಾದರೂ ಕೇಳಬೇಕಲ್ಲ!

ಪ್ಲಂಬರ್ ಬಂದದ್ದು ಭಾನುವಾರ ಬೆಳಿಗ್ಗೆ ಏಳಕ್ಕೆ. ಇಪ್ಪತ್ನಾಲ್ಕರ ಹುಡುಗ, ಏಳನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದವನು. ತಾಯಿ ಸತ್ತ ಮೇಲೆ ಅವನಿಗೆ ಊಟ ಹಾಕಿ, ಹೊಡೆದು, ತಲೆ ಬಾಚಿ, ಕೊನೆಗೆ ಒಬ್ಬ ಮೇಸ್ತ್ರಿಯ ಕೈಕೆಳಗೆ ಪೈಪಿನ ಕೆಲಸಕ್ಕೆ ಸೇರಿಸಿದವಳು ಅವನ ದೊಡ್ಡಮ್ಮ. ಆ ದೊಡ್ಡಮ್ಮನೇ ಈ ಇಸ್ತ್ರಿಯಮ್ಮ. ಹುಡುಗ ಬೆಳೆದದ್ದೂ ಈ ಮೆಟ್ಟಿಲ ಕೆಳಗೇ, ಆದರೆ ಮೆಟ್ಟಿಲ ಕೆಳಗಿನವರ ಮುಖ ನೋಡುವ ಅಭ್ಯಾಸ ಮೇಲಿನವರಿಗೆ ಇರಲಿಲ್ಲ. ನಲ್ಲಿ ಮುಚ್ಚಿಸಿದ್ದನ್ನಾಗಲಿ, ಕೊಡ ಹೊರುವುದನ್ನಾಗಲಿ ಅವಳು ಅವನಿಗೆ ಹೇಳಿರಲಿಲ್ಲ. ಕೋಣೆಯ ಬಾಗಿಲಲ್ಲಿ ಕಟ್ಟಿಟ್ಟ ಹಾಸಿಗೆ, ಹೊರೆ ಮಾಡಿದ ಪಾತ್ರೆ ನೋಡಿದ ಮೇಲೇ ಅವನಿಗೆ ವಿಷಯ ತಿಳಿದದ್ದು. ಮೈಯೆಲ್ಲ ಉರಿದುಹೋಯಿತು.

‘ದೊಡ್ಡಮ್ಮಾ, ಇದೆಲ್ಲ ಏನು?’

‘ಮೆಲ್ಲಗೆ ಮಾತಾಡೋ. ನೀನು ನನ್ನೋನು ಅಂತ ಗೊತ್ತಾದ್ರೆ ನಿನ್ನ ಮಾತಿಗೆ ಬೆಲೆ ಇರಲ್ಲ.’

‘ಈ ಜನಕ್ಕೆ ಯಾಕೆ ಹೆದರ್ತೀಯಾ? ಒಂದು ಪೈಪ್ ಸಡಿಲ ಮಾಡಿ, ಇಗೋ ಸೋರ್ತಿದೆ ಅಂತೀನಿ. ಮುಗೀತು.’

‘ಆ ಕೈ ನಾನು ಮುರೀತೀನಿ. ಸುಳ್ಳು ಹೇಳಿ ನನ್ನ ಉಳಿಸಬೇಡ. ಇದ್ರೆ ಹುಡುಕು, ಇಲ್ದಿದ್ರೆ ಹೊರೆ ಎತ್ತು.’

ಅಷ್ಟರಲ್ಲಿ ಮೆಟ್ಟಿಲ ಮೇಲೆ ಸುತ್ತೋಲೆ ಸಾರ್ ಅವರ ಚಪ್ಪಲಿ ಸದ್ದಾಯಿತು. ದೊಡ್ಡಮ್ಮ ತಕ್ಷಣ ದನಿ ಬದಲಿಸಿ, ‘ಬನ್ನಿ ರಿಪೇರಿಯವರೇ, ಸಾಹೇಬರು ಬಂದ್ರು’ ಅಂದಳು. ತನ್ನ ಮೂಗು ಒರೆಸಿ ಬೆಳೆಸಿದವಳ ಬಾಯಿಂದಲೇ ಬಹುವಚನ ಕೇಳಿಸಿಕೊಂಡ ಹುಡುಗನಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

ಸುತ್ತೋಲೆ ಸಾರ್ ಕೈಯಲ್ಲಿ ಒಂದು ಹಾಳೆ ಹಿಡಿದಿದ್ದರು. ‘ನೋಡಪ್ಪ, ಎಲ್ಲಾ ಟೈಪ್ ಮಾಡ್ಸಿಟ್ಟಿದ್ದೀನಿ. ನೀನು ಇಲ್ಲೊಂದು ಸಹಿ ಹಾಕಿದ್ರೆ ಸಾಕು.’

ಹುಡುಗ ಅಕ್ಷರ ಅಕ್ಷರ ಕೂಡಿಸಿ ಓದಿದ. ತಾನು ಕಟ್ಟಡವನ್ನು ಕೂಲಂಕಷವಾಗಿ ಪರೀಕ್ಷಿಸಿದ್ದಾಗಿಯೂ ಎಲ್ಲಿಯೂ ಸೋರಿಕೆ ಕಂಡುಬಂದಿಲ್ಲವೆಂದೂ ಅದರಲ್ಲಿತ್ತು. ಅವನು ಇನ್ನೂ ಚೀಲದಿಂದ ಸ್ಪ್ಯಾನರ್ ತೆಗೆದಿರಲಿಲ್ಲ.

‘ನಾನು ಯಾವಾಗ ಪರೀಕ್ಷೆ ಮಾಡ್ದೆ ಸಾರ್?’

‘ಮಾಡ್ತೀಯಲ್ಲ, ಈಗ.’

‘ಮಾಡಿದ್ಮೇಲೆ ಹಾಕ್ತೀನಿ.’

ಸುತ್ತೋಲೆ ಸಾರ್ ಮುಖ ಹುಳಿಯಾಯಿತು. ಸಹಿ ಹಾಕುವ ಮೊದಲು ಓದುವ ಕೆಟ್ಟ ಚಾಳಿ ಈ ಜನಕ್ಕೆ ಯಾವಾಗ ಬಂತು ಎಂಬಂತೆ ಅವನನ್ನು ನೋಡಿದರು.

ಹುಡುಗ ತಾರಸಿ ಹತ್ತಿದ. ಎಲ್ಲ ಮನೆಯ ನಲ್ಲಿಗಳನ್ನೂ ಮುಚ್ಚಿಸಿ, ಯಾರೂ ಒಂದು ಲೋಟ ನೀರೂ ಹಿಡಿಯಬಾರದೆಂದು ಹೇಳಿ ಬಂದಿದ್ದ. ಟ್ಯಾಂಕಿನ ಒಳಗೋಡೆಗೆ ನೀರಿನ ಮಟ್ಟದಲ್ಲಿ ಮೊಳೆಯಿಂದ ಒಂದು ಗೀರು ಎಳೆದ. ಅರ್ಧ ಗಂಟೆ ಕೂತ. ನೀರು ಗೀರಿನಿಂದ ನಾಲ್ಕು ಬೆರಳು ಕೆಳಗಿಳಿದಿತ್ತು. ಕೆಳಗಿಳಿಯುವ ಪೈಪಿಗೆ ಕಿವಿಯಿಟ್ಟರೆ, ಒಳಗೆ ಯಾರೋ ಪಿಸುಗುಟ್ಟುವ ಹಾಗೆ ನೀರು ಹರಿಯುವ ಸದ್ದು.

‘ನೋಡಿ ಸಾರ್, ಎಲ್ಲಾ ನಲ್ಲಿ ಮುಚ್ಚಿವೆ, ಕೆಳಗಿನ ಕೋಣೆ ವಾಲ್ವೂ ಮುಚ್ಚಿದೆ. ಆದ್ರೂ ನಾಲ್ಕು ಬೆರಳು ಹೋಯ್ತು.’

ಸುತ್ತೋಲೆ ಸಾರ್ ಟ್ಯಾಂಕಿನೊಳಗೆ ಬಗ್ಗಿ ನೋಡಿ, ಆಮೇಲೆ ಆಕಾಶ ನೋಡಿದರು. ‘ಆವಿ ಆಗಿರಬಹುದು. ಬಿಸಿಲು ಜಾಸ್ತಿ ಈಗ.’

ಬೆಳಿಗ್ಗೆ ಎಂಟು ಗಂಟೆಯ ಬಿಸಿಲಿಗೆ, ಮುಚ್ಚಳ ಹಾಕಿದ ಟ್ಯಾಂಕಿನಿಂದ! ಹುಡುಗನ ನಾಲಗೆಯ ತುದಿಗೆ ಬಂದದ್ದು ಬರೆಯುವಂಥದ್ದಲ್ಲ. ದೊಡ್ಡಮ್ಮನ ಹೊರೆ ನೆನಪಾಗಿ ನುಂಗಿಕೊಂಡ.

ಗೋಡೆಗಳನ್ನೆಲ್ಲ ತಡವಿ ನೋಡಿದ. ಎಲ್ಲೂ ಒದ್ದೆಯಿಲ್ಲ, ಪಾಚಿಯಿಲ್ಲ, ಬಣ್ಣ ಉಬ್ಬಿಲ್ಲ. ನೆಲದಡಿಯ ಪೈಪು ಒಡೆದಿದ್ದರೆ ಅಂಗಳದ ಮೂಲೆಯಾದರೂ ತೇವವಾಗಿರಬೇಕಿತ್ತು, ಅದೂ ಇಲ್ಲ. ಕಣ್ಣಿಗೆ ಕಾಣದೆ ನೀರು ಹೋಗಬೇಕೆಂದರೆ ನೇರ ಚರಂಡಿಗೇ ಹೋಗಬೇಕು. ಚರಂಡಿಗೆ ಸದ್ದಿಲ್ಲದೆ ಹೋಗುವ ದಾರಿ ಮನೆಯಲ್ಲಿ ಒಂದೇ: ಪಾಯಿಖಾನೆಯ ಫ್ಲಶ್ ಟ್ಯಾಂಕು. ಅದರ ತಳದ ರಬ್ಬರ್ ಬಿಲ್ಲೆ ಸರಿಯಾಗಿ ಕೂರದಿದ್ದರೆ ನೀರು ದಾರದಂತೆ ಕಮೋಡಿಗೆ ಇಳಿಯುತ್ತಲೇ ಇರುತ್ತದೆ. ಬಿಳಿ ಪಿಂಗಾಣಿಯ ಮೇಲೆ ಅದು ಕಾಣುವುದಿಲ್ಲ. ಕಾಣಬೇಕೆಂದರೆ ಬಣ್ಣ ಬೇಕು.

ಬಣ್ಣವನ್ನು ಹುಡುಕಿಕೊಂಡು ಅವನು ದೂರ ಹೋಗಬೇಕಾಗಲಿಲ್ಲ. ಬಿಳಿ ಬಟ್ಟೆಗೆ ಹಾಕುವ ನೀಲಿಯ ಡಬ್ಬಿ ದೊಡ್ಡಮ್ಮನ ಮೇಜಿನ ಮೇಲೇ ಇತ್ತು. ಅದನ್ನು ಆರು ಪೊಟ್ಟಣ ಕಟ್ಟಿಕೊಂಡು ಮೇಲೆ ಹೋದ. ಫ್ಲಶ್ ಟ್ಯಾಂಕಿಗೆ ನೀಲಿ ಹಾಕಿ, ಅರ್ಧ ಗಂಟೆ ಯಾರೂ ಫ್ಲಶ್ ಮಾಡದೆ ಬಿಡುವುದು, ಕಮೋಡಿನಲ್ಲಿ ನೀಲಿ ಕಂಡರೆ ಅಲ್ಲಿ ಸೋರುತ್ತಿದೆ ಎಂದರ್ಥ. ಇಷ್ಟನ್ನು ಮನೆ ಮನೆಯ ಬಾಗಿಲಲ್ಲಿ ನಿಂತು ಬಿಡಿಸಿ ಹೇಳಿದ.

ಬಾಗಿಲಲ್ಲೇ, ಏಕೆಂದರೆ ಒಳಗೆ ಬಿಟ್ಟುಕೊಂಡವರು ಯಾರೂ ಇಲ್ಲ. ಮಧ್ಯದ ಮಹಡಿಯ ಡಾಕ್ಟರ ಹೆಂಡತಿ ಅವನ ಪಾದ ನೋಡಿ, ಎರಡು ಬೆರಳ ತುದಿಯಲ್ಲಿ ಪೊಟ್ಟಣ ಇಸಿದುಕೊಂಡು, ‘ನಾವೇ ಹಾಕ್ಕೋತೀವಿ, ನೀನು ಅಲ್ಲೇ ಇರು’ ಅಂದರು. ಎದುರುಮನೆಯ ಮ್ಯಾನೇಜರು ಕದವನ್ನು ಪೂರ್ತಿ ತೆರೆಯಲೂ ಇಲ್ಲ, ಸಂದಿಯಿಂದ ಕೈ ಚಾಚಿದರು. ಇವರ ಮನೆಯ ಹೊಲಸು ಕಟ್ಟಿಕೊಂಡಾಗ ಇದೇ ಪಾದಕ್ಕೆ ಕೆಂಪು ಹಾಸು ಹಾಸುತ್ತಾರೆ, ಹುಡುಗನಿಗೆ ಗೊತ್ತಿತ್ತು.

ಅರ್ಧ ಗಂಟೆಯ ಮೇಲೆ ಎಲ್ಲ ಮನೆಯಿಂದಲೂ ಒಂದೇ ವರದಿ ಬಂತು: ಕಮೋಡು ಬೆಳ್ಳಗೆ ಹೊಳೆಯುತ್ತಿದೆ.

‘ನಾನು ಮೊದಲೇ ಹೇಳಿದ್ನಲ್ಲ!’ ಸುತ್ತೋಲೆ ಸಾರ್ ಎರಡೆರಡು ಮೆಟ್ಟಿಲು ಹಾರಿಕೊಂಡು ಕೆಳಗಿಳಿದರು. ‘ಹಾಕು ಸಹಿ. ಏನಮ್ಮಾ, ಗಾಡಿಗೆ ಹೇಳಿದ್ಯಾ?’

ದೊಡ್ಡಮ್ಮ ಮೇಜಿನ ಮೇಲಿನ ಹೊದಿಕೆಯನ್ನು ಮಡಿಸತೊಡಗಿದಳು, ಅಂಚಿಗೆ ಅಂಚು ಸೇರಿಸಿ, ಅವಳ ಕೈಗೆ ಬಂದದ್ದು ಅದೊಂದೇ ರೀತಿ. ಹುಡುಗ ಲೆಕ್ಕ ಹಾಕಿದ. ನಾಲ್ಕು ಬೆರಳು ನೀರು ಹೋದದ್ದು ಸುಳ್ಳಲ್ಲ. ಆರು ಕಮೋಡು ಬೆಳ್ಳಗಿರುವುದೂ ಸುಳ್ಳಲ್ಲ. ಹಾಗಾದರೆ?

ಸಹಿಗೆ ಪೆನ್ನು ಚಾಚಿದ ಕೈಯನ್ನು ಬದಿಗೆ ತಳ್ಳಿ ಅವನು ನೀಲಿಯ ಡಬ್ಬಿ ಎತ್ತಿಕೊಂಡು ಮೆಟ್ಟಿಲು ಹತ್ತಿದ. ಡಾಕ್ಟರ ಮನೆ ಕರೆಗಂಟೆ ಒತ್ತಿದ.

‘ಅಮ್ಮಾ, ನೀಲಿ ಹಾಕಿದ ಮೇಲೆ ಏನು ಮಾಡಿದ್ರಿ, ನಿಜ ಹೇಳಿ.’

‘ಏನ್ ಮಾಡ್ತಾರೆ? ನೀನು ಬಂದು ನೋಡ್ತೀಯ ಅಂತ ಚೆನ್ನಾಗಿ ಉಜ್ಜಿ, ಎರಡು ಸಲ ಫ್ಲಶ್ ಮಾಡಿ ಇಟ್ಟೆ. ಬೇರೆಯವರು ನೋಡೋ ಜಾಗ ಅಂದ್ಮೇಲೆ ಬಣ್ಣ ಬಣ್ಣ ಮಾಡ್ಕೊಂಡು ಇಟ್ಕೊಳ್ಳೋಕಾಗುತ್ತಾ? ಛೀ.’

ಮ್ಯಾನೇಜರೂ ಹಾಗೇ ಮಾಡಿದ್ದರು. ಕೆಳಗಿನ ಎರಡು ಮನೆಯವರೂ, ಮೇಲಿನ ಇನ್ನೊಂದು ಮನೆಯವರೂ. ಪರೀಕ್ಷೆ ಎಂದೊಡನೆ ಮಾರ್ಕ್ಸು ಬೀಳುತ್ತದೆಂದು ಅಷ್ಟೂ ಜನ ಬ್ರಷ್ಷು ಹಿಡಿದಿದ್ದರು. ಜೀವನವಿಡೀ ಒಂದನೇ ರ‍್ಯಾಂಕಿಗೇ ಓದಿದ ಜನ, ಕಮೋಡಿನಲ್ಲೂ ಫೇಲಾಗಲು ಒಪ್ಪಲಿಲ್ಲ. ಸುತ್ತೋಲೆ ಸಾರ್ ಮಾತ್ರ ಉಜ್ಜಿರಲಿಲ್ಲ. ತಮ್ಮ ಮನೆಯಲ್ಲಿ ಸೋರುವ ಪ್ರಶ್ನೆಯೇ ಇಲ್ಲವೆಂದು ಅವರು ಪೊಟ್ಟಣವನ್ನೇ ಬಿಚ್ಚಿರಲಿಲ್ಲ.

‘ಈ ಸಲ ನಾನೇ ಒಳಗೆ ಬರ್ತೀನಿ’ ಅಂದ ಹುಡುಗ. ಕೇಳುವ ದನಿಯಲ್ಲಿ ಹೇಳಲಿಲ್ಲ. ಡಾಕ್ಟರ ಹೆಂಡತಿ ಏನೋ ಹೇಳಲು ಬಾಯಿ ತೆರೆದವರು ಅವನ ಮುಖ ನೋಡಿ ಪಕ್ಕಕ್ಕೆ ಸರಿದರು.

ಫ್ಲಶ್ ಟ್ಯಾಂಕಿನ ಮುಚ್ಚಳ ಎತ್ತಿದವನು ಹಾಗೇ ನಿಂತುಬಿಟ್ಟ. ನೀರಿನೊಳಗೆ ಒಂದು ಇಟ್ಟಿಗೆ ಇತ್ತು. ಮೂಲೆಗಳೆಲ್ಲ ಕರಗಿ, ತಿಂದು ಬಿಟ್ಟ ಬೆಲ್ಲದ ಅಚ್ಚಿನ ಹಾಗೆ ಬೋಳಾಗಿತ್ತು. ಮೈಮೇಲೆ ಬಿಳಿ ಬಣ್ಣದಲ್ಲಿ ಮೂರು ಎಂಬ ಅಂಕಿ.

‘ಇದೇನಮ್ಮಾ?’

‘ಅದಾ? ನೀರು ಉಳಿಸೋ ಇಟ್ಟಿಗೆ. ಎರಡು ವರ್ಷದ ಹಿಂದೆ ಸಾರೇ ಬಂದು ಎಲ್ಲರ ಮನೇಲೂ ಇಟ್ಟು ಹೋದ್ರು. ಇಟ್ಟಿಗೆ ಇದ್ದಷ್ಟು ಜಾಗಕ್ಕೆ ನೀರು ಕಮ್ಮಿ ಹಿಡಿಯುತ್ತಂತೆ. ಸುತ್ತೋಲೇಲೂ ಇತ್ತು.’

ಹುಡುಗ ತೋಳು ಮಡಿಸಿ ನೀರೊಳಗೆ ಕೈ ಹಾಕಿದ. ತಳದಲ್ಲಿ ಬೆರಳುದ್ದ ಕೆಂಪು ಕೆಸರು. ರಬ್ಬರ್ ಬಿಲ್ಲೆಯ ಅಂಚಿಗೆಲ್ಲ ಇಟ್ಟಿಗೆಯ ಮರಳು ಕಚ್ಚಿಕೊಂಡು, ಬಿಲ್ಲೆ ಒಂದು ಕಡೆ ಎದ್ದು, ಗರಗಸದ ಹಲ್ಲಿನಂತೆ ತಿಂದುಹೋಗಿತ್ತು. ಆ ಸಂದಿಯಿಂದ ನೀರು ಸಲೀಸಾಗಿ ಇಳಿಯುತ್ತಿತ್ತು, ಹಗಲೂ ರಾತ್ರಿ.

ಅವನು ನೀಲಿ ಸುರಿದ. ಪೈಪಿನ ತಿರುಪಿಗೆ ಸುತ್ತುವ ಬಿಳಿ ಟೇಪನ್ನು ಫ್ಲಶ್ಶಿನ ಹಿಡಿಗೆ ಹತ್ತು ಸುತ್ತು ಸುತ್ತಿ ಗಂಟು ಹಾಕಿದ. ‘ಇದನ್ನ ಬಿಚ್ಚಿದ್ರೆ ನಾನು ಈ ಕಡೆ ತಲೆ ಹಾಕಲ್ಲ. ಬ್ರಷ್ಷು ಮುಟ್ಟಬೇಡಿ.’ ಉಳಿದ ಮನೆಗಳಿಗೂ ಹೀಗೇ ನುಗ್ಗಿದ. ಒಂದು, ಎರಡು, ನಾಲ್ಕು, ಐದು: ಎಲ್ಲ ಟ್ಯಾಂಕಿನಲ್ಲೂ ನಂಬರು ಹಾಕಿದ ಇಟ್ಟಿಗೆ. ಕೊನೆಗೆ ಆರನೆಯದು, ಸುತ್ತೋಲೆ ಸಾರ್ ಅವರದು. ಅವರ ಟ್ಯಾಂಕಿನಲ್ಲಿ ಎರಡಿದ್ದವು, ಮಾದರಿ ನಾಗರಿಕರಲ್ಲವೇ.

ಅರ್ಧ ಗಂಟೆ ಬೇಕಾಗಲಿಲ್ಲ. ಹತ್ತೇ ನಿಮಿಷಕ್ಕೆ ಡಾಕ್ಟರ ಹೆಂಡತಿ ‘ಅಯ್ಯಯ್ಯೋ’ ಅಂದರು. ಎದುರುಮನೆಯಿಂದ ಮ್ಯಾನೇಜರು ‘ಇಲ್ಲೂ!’ ಅಂದರು. ಕೆಳಗಿನವರು ಮೇಲೆ ಓಡಿಬಂದರು. ಆರು ಕಮೋಡುಗಳೂ ನೀಲಿ. ಸುತ್ತೋಲೆ ಸಾರ್ ಅವರದಂತೂ ಬಿಳಿ ಅಂಗಿ ಅದ್ದಿ ತೆಗೆಯಬಹುದಾದಷ್ಟು ನೀಲಿ. ಇಡೀ ಕಟ್ಟಡದಲ್ಲಿ ಸೋರದೇ ಇದ್ದದ್ದು ಒಂದೇ ಪಾಯಿಖಾನೆ, ಅಂಗಳದ ಮೂಲೆಯದು. ಅದನ್ನು ಬಳಸುವವಳು ದೊಡ್ಡಮ್ಮ ಒಬ್ಬಳೇ, ಅದಕ್ಕೆ ಫ್ಲಶ್ ಇರಲಿಲ್ಲ. ಅವಳು ಚೊಂಬಿನಲ್ಲಿ ನೀರು ಸುರಿಯುತ್ತಿದ್ದಳು.

ಹುಡುಗ ಹಳೆಯ ಬಿಲ್ಲೆಗಳನ್ನು ಕಿತ್ತು, ಇಟ್ಟಿಗೆಗಳನ್ನೆಲ್ಲ ಹೊತ್ತು ತಂದು ಮೆಟ್ಟಿಲ ಬುಡದಲ್ಲಿ ಧಡಧಡ ಹಾಕಿದ. ಆರೂ ಮನೆಯವರು ಅವುಗಳ ಸುತ್ತ ಸತ್ತವರನ್ನು ನೋಡಲು ಬಂದ ಹಾಗೆ ನಿಂತರು.

‘ನಿಮ್ಮ ನೀರು ಕುಡಿದ ಕಳ್ಳರು ಇವರೇ, ಸಾರ್. ನಂಬರ್ ಸಮೇತ ಹಿಡಿದಿದ್ದೀನಿ.’

ಸುತ್ತೋಲೆ ಸಾರ್ ಒಂದು ಇಟ್ಟಿಗೆಯನ್ನು ಕಾಲಿನಿಂದ ಹೊರಳಿಸಿ ನೋಡಿದರು. ‘ತತ್ವ ಸರಿಯಾಗೇ ಇದೆ. ಇಟ್ಟಿಗೆಯವನು ಮೋಸ ಮಾಡಿದ್ದಾನೆ. ಕಳಪೆ ಮಾಲು.’

‘ಎರಡು ವರ್ಷ ನೀರಲ್ಲಿ ಇಟ್ರೆ ನೀವೂ ಹೀಗೇ ಆಗ್ತೀರಿ’ ಅಂದ ಹುಡುಗ. ಯಾರೋ ಹಿಂದೆ ಕಿಸಕ್ಕೆಂದರು.

‘ನಾಲಗೆ ಬಿಗಿ ಹಿಡಿದು ಮಾತಾಡು!’

‘ಸಾಕು ಬಾರೋ’ ದೊಡ್ಡಮ್ಮ ಅವನ ತೋಳು ಜಗ್ಗಿದಳು. ‘ದೊಡ್ಡಮ್ಮನ ಮಾತು ಕೇಳು, ಜಗಳ ಬೇಡ.’

ಬಾಯಿಂದ ಜಾರಿದ್ದು ಜಾರಿಹೋಯಿತು. ಸುತ್ತೋಲೆ ಸಾರ್ ಅವರ ಮುಖಕ್ಕೆ ಮತ್ತೆ ರಕ್ತ ಬಂತು. ‘ಓಹೋಹೋ! ದೊಡ್ಡಮ್ಮ! ನೋಡಿದ್ರಾ ಎಲ್ಲರೂ? ಇವನು ಇವಳ ಕಡೆಯೋನು! ಈ ಪರೀಕ್ಷೆ ಅಸಿಂಧು. ಸಂಜೆಯೊಳಗೆ ಕೋಣೆ ಖಾಲಿ ಆಗ್ಲೇಬೇಕು.’

ಐದು ತಲೆಗಳು ಅಭ್ಯಾಸಬಲದಿಂದ ಆಡಲು ಶುರುಮಾಡಿದವು. ಹುಡುಗ ಅದನ್ನು ಕಣ್ಣಾರೆ ಕಂಡ. ಇಷ್ಟು ಹೊತ್ತು ನೀಲಿ ನೀರು ನೋಡಿ ಬಂದ ತಲೆಗಳೇ ಅವು.

‘ನಾನು ಅವರ ಹೊಟ್ಟೇಲೇ ಹುಟ್ಟಿರಲಿ ಸಾರ್, ಕಮೋಡು ನಿಮ್ದೇ ಅಲ್ವಾ?’ ಅಂದ. ‘ಸರಿ, ಅಸಿಂಧು ಅಂದ್ರೆ ಅಸಿಂಧು. ನಾನು ಹೊರಟೆ.’

ಚೀಲವನ್ನು ಹೆಗಲಿಗೇರಿಸಿದ. ಆಗ ಮ್ಯಾನೇಜರಿಗೆ ಏನೋ ಹೊಳೆಯಿತು. ‘ಅಲ್ಲಪ್ಪಾ, ನಮ್ಮ ಫ್ಲಶ್?’

‘ಆರೂ ಮನೆ ಫ್ಲಶ್ಶಿಗೆ ನೀರು ಬರೋ ವಾಲ್ವ್ ಮುಚ್ಚಿದ್ದೀನಿ. ಹಳೇ ಬಿಲ್ಲೆ ಕಿತ್ತಿದ್ದೀನಿ, ಹೊಸದು ಚೀಲದಲ್ಲಿದೆ. ಪರೀಕ್ಷೆ ಅಸಿಂಧು ಆದ್ರೆ ನಿಮ್ಮಲ್ಲಿ ಏನೂ ಕೆಟ್ಟಿಲ್ಲ ಅಂತಾಯ್ತಲ್ಲ. ಕೆಡದೇ ಇರೋದನ್ನ ನಾನು ಹೇಗೆ ರಿಪೇರಿ ಮಾಡ್ಲಿ?’

ಡಾಕ್ಟರ ಹೆಂಡತಿ ಎದೆ ಹಿಡಿದುಕೊಂಡರು. ‘ಅಯ್ಯೋ, ನಾಲ್ಕು ಗಂಟೆಗೆ ಬೀಗರು ಬರ್ತಾರೆ! ಹನ್ನೊಂದು ಜನ!’

ಇಷ್ಟು ಸಾಕಾಯಿತು. ಹದಿನಾರು ವರ್ಷ ತಮ್ಮ ಅಂಗಿಯ ಮಡಿಕೆ ತಿದ್ದಿದವಳು ಬೀದಿಗೆ ಬೀಳುವುದನ್ನು ತಡೆಯಲು ಬಾಯಿ ಬಿಡದ ಜನ, ಹನ್ನೊಂದು ಬೀಗರು ಮತ್ತು ನೀರಿಲ್ಲದ ಒಂದು ಕಮೋಡನ್ನು ನೆನೆದು ಒಟ್ಟಿಗೇ ಬಾಯಿ ಬಿಟ್ಟರು. ಸಾರ್, ಏನಿದು ಹುಡುಗಾಟ? ಸಾರ್, ಮೊದಲು ಆ ನಡಾವಳಿ ತಿದ್ದಿ. ಇಟ್ಟಿಗೆ ಇಡಿ ಅಂತ ನಾವು ಕೇಳಿದ್ವಾ? ನನಗೆ ಆವತ್ತೇ ಅನುಮಾನ ಇತ್ತು. ಕೊನೆಯ ಮಾತನ್ನು ಹೇಳಿದ್ದು ಮ್ಯಾನೇಜರು. ಅವರ ಅನುಮಾನ ಎರಡು ವರ್ಷ ಎಲ್ಲಿ ಮಲಗಿತ್ತೋ!

ಸುತ್ತೋಲೆ ಸಾರ್ ಒಂಟಿಯಾಗಿ ಮೇಲೆ ಹೋಗಿ ಪುಸ್ತಕ ತಂದರು. ಇಸ್ತ್ರಿ ಮೇಜಿನ ಮೇಲಿಟ್ಟು ಬರೆದು, ‘ಆಯ್ತು ತಗೋ’ ಎಂದು ತಿರುಗಿಸಿದರು. ಹುಡುಗ ಅಕ್ಷರಕ್ಕೆ ಬೆರಳಿಟ್ಟು, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದ. ಇಸ್ತ್ರಿಯವಳ ಮೇಲಿನ ಕನಿಕರದಿಂದಲೂ ಆಕೆಯ ಮುಂದಿನ ನಡತೆಯನ್ನು ಗಮನಿಸುವ ಷರತ್ತಿನ ಮೇಲೂ ಸದ್ಯಕ್ಕೆ ಇರಲು ಬಿಡಲಾಗಿದೆ.

‘ಕನಿಕರ ಹೊಡೆದುಹಾಕಿ’ ಅಂದ. ‘ನಡತೆ ಹೊಡೆದುಹಾಕಿ. ಸದ್ಯಕ್ಕೆ ಅನ್ನೋದನ್ನೂ. ನೀರು ಎಲ್ಲಿ ಸೋರ್ತು, ಯಾಕೆ ಸೋರ್ತು, ಯಾರ ಇಟ್ಟಿಗೆಯಿಂದ ಸೋರ್ತು, ಅದನ್ನ ಬರೀರಿ. ಇವರ ತಪ್ಪಿಲ್ಲ ಅಂತ ಬರೀರಿ. ಕೋಣೆ ಇವರದ್ದೇ ಅಂತ ಬರೀರಿ. ನಾನು ನಿಧಾನಕ್ಕೆ ಓದ್ತೀನಿ, ನನಗೇನೂ ಅವಸರ ಇಲ್ಲ.’

ಡಾಕ್ಟರ ಹೆಂಡತಿ ಗಡಿಯಾರ ನೋಡಿದರು. ‘ಬರೀರಿ ಸಾರ್, ಬೇಗ!’

ಬರೆದರು. ಮೂರು ಸಲ ಹೊಡೆದುಹಾಕಿ ನಾಲ್ಕನೇ ಸಲ ಸರಿಯಾಗಿ ಬರೆದರು. ಇನ್ನೊಬ್ಬರ ಮೇಲೆ ತಪ್ಪು ಹೊರಿಸುವಾಗ ಸರಸರ ಓಡುತ್ತಿದ್ದ ಪೆನ್ನು ತನ್ನ ತಪ್ಪು ಬರೆಯುವಾಗ ಹೇಗೆ ಕಾಗುಣಿತ ಮರೆಯುತ್ತದೆ ಎಂಬುದನ್ನು ಏಳನೇ ಕ್ಲಾಸಿನ ಹುಡುಗ ನಿಂತು ನೋಡಿದ. ಆರು ಸಹಿ ಬಿದ್ದ ಮೇಲೆ ದೊಡ್ಡಮ್ಮನ ನಲ್ಲಿಯ ವಾಲ್ವಿನ ಹಿಡಿಗೆ ಕೈ ಚಾಚಿದ. ಸುತ್ತೋಲೆ ಸಾರ್ ಜೇಬಿನಿಂದ ತೆಗೆದು ಕೊಟ್ಟರು. ಎರಡು ವಾರ ಅದನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದ್ದರು ಆ ಮಹಾರಾಯರು.

‘ಕ್ಷಮೆ ಕೇಳ್ಲಿಲ್ಲ, ನೋಡಿದ್ಯಾ?’ ಎಲ್ಲರೂ ಮೇಲೆ ಹೋದಮೇಲೆ, ಐದು ಮನೆಗೆ ಹೊಸ ಬಿಲ್ಲೆ ಕೂರಿಸಿ ಇಳಿದುಬಂದ ಹುಡುಗ ಹಲ್ಲು ಕಡಿಯುತ್ತಾ ಅಂದ. ‘ಒಬ್ಬರೂ ಕೇಳ್ಲಿಲ್ಲ. ಥೂ. ಈ ಜನದ ಮಧ್ಯೆ ಯಾಕಿರ್ತೀಯಾ? ನನ್ನ ರೂಮಿಗೆ ಬಾ.’

‘ಅವರ ಕ್ಷಮೆ ತಗೊಂಡು ನಾನೇನು ಇಸ್ತ್ರಿ ಮಾಡ್ಲಾ?’ ದೊಡ್ಡಮ್ಮ ಹೊರೆಯ ಗಂಟನ್ನು ಹಲ್ಲಿನಿಂದ ಸಡಿಲಿಸುತ್ತಿದ್ದಳು. ‘ನಿನ್ನ ರೂಮಲ್ಲಿ ನೀನೇ ಕಾಲು ಮಡಚಿ ಮಲಗ್ತೀಯ. ಇದು ನನ್ನ ಜಾಗ. ಅವರು ಕೊಟ್ಟಿದ್ದಲ್ಲ, ಹದಿನಾರು ವರ್ಷ ನಾನು ನಿಂತು ಮಾಡ್ಕೊಂಡಿದ್ದು. ಅವರು ಕೆಟ್ಟೋರು ಅಂತ ನಾನ್ಯಾಕೆ ಹೋಗ್ಲಿ? ನಲ್ಲಿ ಬಿಡು ಮೊದ್ಲು.’

ಅವನು ಹಿಡಿ ಕೂರಿಸಿ ತಿರುಗಿಸಿದ. ನಲ್ಲಿ ಎರಡು ಸಲ ಕೆಮ್ಮಿ, ತುಕ್ಕಿನ ನೀರು ಉಗುಳಿ, ಆಮೇಲೆ ತಿಳಿಯಾಗಿ ಸುರಿಯತೊಡಗಿತು. ದೊಡ್ಡಮ್ಮ ಕೊಡ ಇಟ್ಟಳು, ಬಕೆಟ್ಟು ಇಟ್ಟಳು, ಪಾತ್ರೆಗಳನ್ನೆಲ್ಲ ಸಾಲಾಗಿ ಜೋಡಿಸಿದಳು. ಅಷ್ಟರಲ್ಲಿ ಸುತ್ತೋಲೆ ಸಾರ್ ಮತ್ತೆ ಇಳಿದು ಬಂದರು. ಕೈಯಲ್ಲಿ ಒಂದು ಮುದುಡಿದ ಅಂಗಿ.

‘ಇದೊಂದು... ಸಂಜೆ ಹೊರಗೆ ಹೋಗೋದಿತ್ತು.’

‘ಇವತ್ತು ಆಗಲ್ಲ ಸಾಹೇಬರೇ’ ದೊಡ್ಡಮ್ಮ ತಲೆಯೆತ್ತಲಿಲ್ಲ. ‘ನೀರು ಹಿಡೀತಿದ್ದೀನಿ.’

ಕೊಡ ತುಂಬಿ, ಅಂಚು ಮೀರಿ, ನೆಲಕ್ಕೆ ಹರಿಯಿತು. ಅವಳು ಅವಸರ ಮಾಡಲಿಲ್ಲ. ಸುತ್ತೋಲೆ ಸಾರ್ ಹರಿಯುವ ನೀರನ್ನು ನೋಡಿದರು, ಏನೋ ಹೇಳಲು ತುಟಿ ಅಲುಗಿತು, ಹುಡುಗನ ಚೀಲವನ್ನು ನೋಡಿದರು. ಅವರ ಮನೆಯ ಆರನೇ ಬಿಲ್ಲೆ ಇನ್ನೂ ಅದರೊಳಗೇ ಇತ್ತು. ಬಾಯಿ ಮುಚ್ಚಿಕೊಂಡು, ಅಂಗಿ ಮಡಚಿಕೊಂಡು, ಅವರು ಮೆಟ್ಟಿಲು ಹತ್ತಿದರು.